ಅನ್ನದಾನದ ನಾಡಿನಲ್ಲಿ ಒಲೆಯ ಹೊಗೆ

ಹಳೆಯ ರೋಣ ತಾಲ್ಲೂಕಿನ ನರೇಗಲ್ಲಿನಲ್ಲಿ ಇಂದು ನಾರಾಯಣ ಗುಡಿಯೆಂದು ಕರೆಯಲ್ಪಡುವ ವಿಶಾಲವಾದ ಕಟ್ಟಡವೊಂದಿದೆ. ಮೂಲತಃ ಅದು ಬಸದಿ. ಗಂಗ ಪೆರ್ಮಾಡಿ ಬೂತುಗನ ರಾಣಿ ಪದ್ಮಬ್ಬರಸಿ ಅದನ್ನು ಕಟ್ಟಿಸಿದಳೆಂದೂ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಕ್ರಿ.ಶ. 950ರಲ್ಲಿ, ಆ ಬಸದಿಗೆ ಸೇರಿದ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಬಿಡಲಾಯಿತೆಂದೂ ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ನರೇಗಲ್ಲಿಗೆ ದೂರವಲ್ಲದ ಸೂಡಿಯಲ್ಲಿ ದೊರೆತ ತಾಮ್ರಪಟವೊಂದು ಕ್ರಿ.ಶ. 938ರ ಕಾಲವನ್ನು ಹೇಳಿಕೊಂಡು, ಬೂತುಗನ ಮಡದಿ ದೀವಳಾಂಬೆ ಅಲ್ಲಿ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಉಲ್ಲೇಖಿಸುತ್ತದೆ. ವಿದ್ವಾಂಸನಾದ ಫ್ಲೀಟ್ ಅದನ್ನು ಕೂಟಶಾಸನವೆಂದು ಎಣಿಸಿದ್ದುಂಟು. ಆದರೂ ಆ ಪ್ರದೇಶದ ಧಾರ್ಮಿಕ ಸ್ಮೃತಿಯ ಒಂದು ಎಳೆ ಅದರಲ್ಲಿ ಉಳಿದಿದೆ. ಇನ್ನು ಲಕ್ಕುಂಡಿಯಲ್ಲಿ 1007ರ ಶಾಸನದಲ್ಲಿ ಕಂಗೊಳಿಸುವ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಜೈನ ಮನೆತನ ಕರ್ನಾಟಕದಲ್ಲಿ ವಿರಳ.

ಈ ಮೂರೂ ಹೆಸರುಗಳು ಸ್ತ್ರೀಯರವು ಎಂಬುದು ಗಮನಾರ್ಹ. ಗದಗ ಸೀಮೆಯ ಜೈನ ಇತಿಹಾಸ ಬಹುಮಟ್ಟಿಗೆ ದಾನಿಗಳಾದ ಸ್ತ್ರೀಯರ ಇತಿಹಾಸ. ದಾನಶಾಲೆಯೆಂದ ಮೇಲೆ ಅಲ್ಲಿ ಒಲೆಯಿರಲೇಬೇಕು, ಒಲೆಯೆಂದ ಮೇಲೆ ಹೊಗೆ. ಶಾಸನಗಳು ದಾನ ಕೊಟ್ಟವರನ್ನು ಸ್ತುತಿಸುತ್ತವೆ. ಉಣ್ಣುವವರ ಸಂಖ್ಯೆಯನ್ನು ಹೇಳುತ್ತವೆ. ಕೆಲವೆಡೆ ಬಾಣಸಿಗರಿಗೆ ಸಲ್ಲತಕ್ಕ ಪಾಲನ್ನೂ ನಮೂದಿಸುತ್ತವೆ. ಕೆರೆ, ತೋಟ, ಮತ್ತರು, ಗಾಣದ ಎಣ್ಣೆ ಎಲ್ಲವೂ ಲೆಕ್ಕಕ್ಕೆ ಬಂದಿವೆ. ಒಲೆಯ ಮುಂದೆ ಕುಳಿತವರು ಪ್ರತಿದಿನ ಒಳಗೆಳೆದುಕೊಂಡ ಗಾಳಿ ಮಾತ್ರ ಯಾವ ಶಾಸನದ ಲೆಕ್ಕದಲ್ಲಿಯೂ ಇಲ್ಲ. ಶಾಸನಕಾರನನ್ನು ಇದಕ್ಕಾಗಿ ದೂಷಿಸುವುದು ಅನ್ಯಾಯ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಜಗತ್ತಿನ ಯಾವ ಸರ್ಕಾರವೂ ಆ ಲೆಕ್ಕವನ್ನು ಇಟ್ಟಿರಲಿಲ್ಲ.

ವಾಯುಮಾಲಿನ್ಯವೆಂದೊಡನೆ ಕಾರ್ಖಾನೆಯ ಚಿಮಣಿ, ಮಹಾನಗರದ ವಾಹನಸಂದಣಿ ಕಣ್ಣ ಮುಂದೆ ನಿಲ್ಲುವುದು ಸಹಜ. ರೋಣ, ನರಗುಂದ, ಗಜೇಂದ್ರಗಡಗಳ ಮಟ್ಟಿಗೆ ಆ ಚಿತ್ರ ಅಷ್ಟಾಗಿ ಒಪ್ಪುವುದಿಲ್ಲ. ಅಲ್ಲಿ ಬಾನೆತ್ತರದ ಚಿಮಣಿಗಳಿಲ್ಲ. ಬಯಲು ಗಾಳಿ ಧಾರಾಳವಾಗಿ ಬೀಸುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಇಂದು ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿವೆ. ಈ ಸೀಮೆಯ ಜನರ ಶ್ವಾಸಕೋಶಕ್ಕೆ ದೀರ್ಘಕಾಲ ಅತಿ ಹೆಚ್ಚಿನ ಹಾನಿಯನ್ನುಂಟುಮಾಡಿದ ಹೊಗೆ ಊರ ಹೊರಗಿನಿಂದ ಬಂದುದಲ್ಲ. ಅದು ಮನೆಯ ಅತ್ಯಂತ ಒಳಗಿನ ಕೋಣೆಯಲ್ಲಿ, ಅನ್ನ ಬೇಯುವ ಸ್ಥಳದಲ್ಲಿ ಹುಟ್ಟಿದುದು.

ಇದಕ್ಕೆ ಕಾರಣ ಮೊದಲು ನೆಲದಲ್ಲಿದೆ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಪೂರ್ವಕ್ಕೆ ಸಾಗಿದಂತೆ ಮರಗಳು ಕಡಿಮೆಯಾಗಿ, ನವಲಗುಂದ, ನರಗುಂದ, ರೋಣಗಳಿಗೆ ಬರುವ ಹೊತ್ತಿಗೆ ಕಣ್ಣು ಹಾಯುವವರೆಗೆ ಕಪ್ಪು ಎರೆಭೂಮಿಯ ಬಯಲು ಉಳಿಯುತ್ತದೆ. (1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಯಾಯಿತು; ಗಜೇಂದ್ರಗಡ ರೋಣದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದುದು ತೀರ ಇತ್ತೀಚೆಗೆ.) ಎರೆಭೂಮಿ ಜೋಳ, ಹತ್ತಿ, ಕಡಲೆ, ಕುಸುಬೆಗಳಿಗೆ ತವರು, ಕಾಡಿಗೆ ಅಲ್ಲ. ಗಜೇಂದ್ರಗಡದ ಗುಡ್ಡಸಾಲು, ದೂರದ ಕಪ್ಪತಗುಡ್ಡಗಳನ್ನು ಬಿಟ್ಟರೆ ಸೌದೆಗೆ ಆಸರೆಯಿಲ್ಲ. ಆದುದರಿಂದ ಇಲ್ಲಿಯ ಒಲೆ ಉರಿದುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜೋಳದ ಕೂಳೆ, ಸಗಣಿಯ ಕುಳ್ಳುಗಳಿಂದ. ಮುಂದೆ ಬಳ್ಳಾರಿ ಜಾಲಿ ಹಬ್ಬಿದ ಮೇಲೆ ಅದೂ ಸೇರಿತು. ಗಟ್ಟಿ ಸೌದೆಗೆ ಹೋಲಿಸಿದರೆ ಇವೆಲ್ಲವೂ ಬೇಗ ಉರಿದು, ಅರೆಬರೆ ಸುಟ್ಟು, ಹೆಚ್ಚು ಹೊಗೆ ಕೊಡುವ ಇಂಧನಗಳು. ಕುಳ್ಳಿನದಂತೂ ಎಲ್ಲಕ್ಕಿಂತ ಕೆಟ್ಟ ಹೊಗೆ. ಮಲೆನಾಡಿನ ಗೃಹಿಣಿಗೆ ಇದ್ದ ಒಣಸೌದೆಯ ಭಾಗ್ಯ ಬಯಲುಸೀಮೆಯವಳಿಗೆ ಇರಲಿಲ್ಲ.

ಎರಡನೆಯ ಕಾರಣ ಮನೆಯ ಕಟ್ಟಡ. ಈ ಸೀಮೆಯ ಮನೆಗಳು ದಪ್ಪ ಗೋಡೆಯವು, ಮಣ್ಣಿನ ಮೇಲ್ಮುದ್ದೆಯವು. ಮುಂದೆ ದನಗಳ ಪಡಸಾಲೆ, ನಡುವೆ ಕಾಳಿನ ಚೀಲಗಳು, ಒಳಗೆ ಅಡುಗೆಮನೆ. ಬೇಸಗೆಯ ಧಗೆಯನ್ನೂ ಕಳ್ಳಕಾಕರನ್ನೂ ದೂರವಿಡಲು ಹಿರಿಯರು ಕಿಟಕಿಗಳನ್ನು ಕಡಿಮೆ ಮಾಡಿದರು. ಅಡುಗೆಮನೆಗೆ ಬೆಳಕು ಬರುವುದು, ಹೊಗೆ ಹೋಗುವುದು ಎರಡೂ ಮೇಲ್ಛಾವಣಿಯ ಒಂದೇ ಬೆಳಕಿಂಡಿಯಿಂದ. ಮಳೆಗಾಲದಲ್ಲಿ ಅದರ ಮೇಲೂ ಮುಚ್ಚಳ. ತೊಲೆಜಂತಿಗಳ ಮೇಲೆ ಕಪ್ಪಾಗಿ ಹೊಳೆಯುವ ಮಸಿ ಈ ಮನೆಗಳ ವಯಸ್ಸನ್ನು ಹೇಳುತ್ತಿತ್ತು. ಆ ಮಸಿ ಗೆದ್ದಲನ್ನು ತಡೆಯುತ್ತದೆಂಬ ನಂಬಿಕೆಯೂ ಉಂಟು. ಜಂತಿಯ ಮೇಲೆ ಕುಳಿತ ಮಸಿ ಜಂತಿಗೆ ಹಿತವಾಗಿದ್ದಿರಲೂಬಹುದು. ಅದೇ ಮಸಿ ಎದೆಯೊಳಗೂ ಕುಳಿತುಕೊಳ್ಳುತ್ತದೆಂಬ ವಿಚಾರ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಮೂರನೆಯದು ರೊಟ್ಟಿ. ಅನ್ನವಾದರೆ ಗಡಿಗೆಯನ್ನು ಒಲೆಗೇರಿಸಿ ಆಚೆ ಹೋಗಬಹುದು. ಮುದ್ದೆಯ ಹಿಟ್ಟು ಕುದಿಯುವವರೆಗೂ ಅಷ್ಟೇ. ಜೋಳದ ರೊಟ್ಟಿ ಹಾಗಲ್ಲ. ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕಡೆಗೆ ಉರಿಯ ಬಾಯಿಗೆ ಒಡ್ಡಿ ಉಬ್ಬಿಸುವವರೆಗೆ ಕೈಯೂ ಕಣ್ಣೂ ಒಲೆಯನ್ನು ಬಿಟ್ಟು ಸರಿಯುವಂತಿಲ್ಲ. ಉರಿ ಒಂದೇ ಸಮನಾಗಿ ಇರಬೇಕು. ಹತ್ತಿಕಟ್ಟಿಗೆ ಕ್ಷಣಮಾತ್ರದಲ್ಲಿ ಉರಿದುಹೋಗುತ್ತದೆ. ಆದುದರಿಂದ ಮತ್ತೆ ಮತ್ತೆ ತುರುಕಬೇಕು, ಊದುಗೊಳವೆಯಿಂದ ಊದಬೇಕು. ಊದುವವಳು ಮೊದಲು ದೀರ್ಘವಾಗಿ ಉಸಿರೆಳೆಯಬೇಕು, ಅದೂ ಒಲೆಯ ಬಾಯಿಯ ಹತ್ತಿರವೇ. ಹೊಲಕ್ಕೆ ಹೋಗುವ ಆಳುಗಳಿಗೂ ಸೇರಿಸಿ ರೊಟ್ಟಿ ಬಡಿಯುವ ಒಕ್ಕಲು ಮನೆಗಳಲ್ಲಿ ಈ ಕೆಲಸ ನಸುಕಿನಿಂದ ಹೊತ್ತೇರುವವರೆಗೆ ನಡೆಯುತ್ತಿತ್ತು. ಬಗಲಲ್ಲಿ ಕೂಸು, ಬೆನ್ನ ಹಿಂದೆ ಇನ್ನೊಂದು ಮಗು. ಹೊಗೆಗೆ ಅವರೂ ಪಾಲುದಾರರು. ಉತ್ತರ ಕರ್ನಾಟಕದ ರೊಟ್ಟಿಯ ರುಚಿಯನ್ನು ಹೊಗಳಿ ಬರೆದವರು ಬಹಳ ಮಂದಿ. ಅದರ ಬೆಲೆಯನ್ನು ಬರೆದವರು ಕಡಿಮೆ.

ಈ ಸೀಮೆಯ ಭಾಷೆಯಲ್ಲಿಯೇ ಒಂದು ವಿಚಿತ್ರ ಸಾಕ್ಷ್ಯವಿದೆ. ಇಂಗ್ಲಿಷರ ಕಾಲದಲ್ಲಿ ಬಂದ ‘ಚಿಮಣಿ’ ಎಂಬ ಶಬ್ದ ಇಲ್ಲಿಯ ಮನೆಮಾತಿನಲ್ಲಿ ಸೀಮೆಎಣ್ಣೆಯ ದೀಪದ ಹೆಸರಾಗಿ ನೆಲೆಸಿತು. ಸೀಮೆಎಣ್ಣೆ ‘ಚಿಮಣಿ ಎಣ್ಣೆ’ಯಾಯಿತು. ಹೊಗೆಯನ್ನು ಹೊರಹಾಕುವ ಸಾಧನದ ಹೆಸರು ಹೊಗೆಯುಗುಳುವ ಬುಡ್ಡಿದೀಪಕ್ಕೆ ಅಂಟಿಕೊಂಡಿತು. ನಿಜವಾದ ಚಿಮಣಿ ಅಡುಗೆಮನೆಯನ್ನು ಸೇರಲು ಮತ್ತೆ ನೂರು ವರ್ಷ ಹಿಡಿಯಿತು.

ಒಲೆಯ ವಿಷಯದಲ್ಲಿ ಜೈನಾಚಾರ್ಯರು ನಿರ್ಲಕ್ಷ್ಯ ತಾಳಿದ್ದರೆಂದು ಭಾವಿಸುವಂತಿಲ್ಲ. ಶ್ರಾವಕಾಚಾರದ ಗ್ರಂಥಪರಂಪರೆಯಲ್ಲಿ ಗೃಹಸ್ಥನಿಗೆ ಅನಿವಾರ್ಯವಾದ ಐದು ‘ಸೂನೆ’ಗಳು, ಅಂದರೆ ಜೀವಘಾತದ ಸ್ಥಾನಗಳು, ಹೇಳಲ್ಪಟ್ಟಿವೆ: ಒರಳು, ಬೀಸುಕಲ್ಲು, ಒಲೆ, ನೀರಿನ ಕೊಡ, ಪೊರಕೆ. ಕರ್ಮಾದಾನಗಳೆಂದು ನಿಷೇಧಿಸಲ್ಪಟ್ಟ ಹದಿನೈದು ವೃತ್ತಿಗಳ ಪಟ್ಟಿಯಲ್ಲಿ ಅಂಗಾರಕರ್ಮವೇ, ಅಂದರೆ ಇದ್ದಿಲು ಸುಡುವಂಥ ಬೆಂಕಿಯ ವೃತ್ತಿಯೇ ಮೊದಲನೆಯದು. ಕಾಡಿಗೆ, ಹುಲ್ಲುಗಾವಲಿಗೆ ಬೆಂಕಿಯಿಡುವುದೂ ಅದರಲ್ಲಿ ಸೇರಿದೆ. ಹೊಲದಲ್ಲಿಯೇ ಹತ್ತಿಕಟ್ಟಿಗೆಗೆ ಕಡ್ಡಿ ಗೀರುವ ಇಂದಿನ ಅವಸರದ ರೂಢಿಯನ್ನು ಆ ಪಟ್ಟಿಯ ಬೆಳಕಿನಲ್ಲಿ ನೋಡಿದರೆ ಏನೆನ್ನಬೇಕೆಂಬುದನ್ನು ಓದುಗರೇ ಊಹಿಸಬಹುದು. ಆಚಾರಾಂಗದ ಮೊದಲ ಅಧ್ಯಯನವಾದ ಶಸ್ತ್ರಪರಿಜ್ಞೆ ಜೀವನಿಕಾಯಗಳನ್ನು ಕ್ರಮವಾಗಿ ವಿವೇಚಿಸಿ ಕಟ್ಟಕಡೆಗೆ ವಾಯುಕಾಯವನ್ನು ಎತ್ತಿಕೊಳ್ಳುತ್ತದೆ. ಬೆಂಕಿಗೂ ಗಾಳಿಗೂ ಜೀವವುಂಟೆಂದು ಬಗೆದು ಅವುಗಳ ಬಳಕೆಯಲ್ಲಿ ಎಚ್ಚರವಿರಬೇಕೆಂದು ಇಷ್ಟು ಸ್ಪಷ್ಟವಾಗಿ ವಿಧಿಸಿದ ಪರಂಪರೆಗಳು ಹೆಚ್ಚಿಲ್ಲ.

ಈ ಎಚ್ಚರದಿಂದ ಅನುಷಂಗಿಕವಾದ ಲಾಭಗಳೂ ಆಗಿವೆ. ರಾತ್ರಿಭೋಜನತ್ಯಾಗದ ನಿಯಮ ಕ್ರಿಮಿಕೀಟಗಳ ರಕ್ಷಣೆಗಾಗಿ ಹುಟ್ಟಿದುದು. ಆದರೆ ಅದನ್ನು ಪಾಲಿಸುವ ಮನೆಗಳಲ್ಲಿ ಅಡುಗೆ ಹಗಲುಬೆಳಕಿನಲ್ಲಿ, ಬಾಗಿಲು ತೆರೆದಿರುವ ಹೊತ್ತಿನಲ್ಲಿ ಮುಗಿಯುತ್ತಿತ್ತು. ಒಲೆಯ ಹೊಗೆಗೆ ಬುಡ್ಡಿದೀಪದ ಹೊಗೆ ಸೇರುವ ಪ್ರಸಂಗ ಅಷ್ಟರಮಟ್ಟಿಗೆ ತಪ್ಪುತ್ತಿತ್ತು. ಸೌದೆ, ಕುಳ್ಳುಗಳನ್ನು ಒಲೆಗಿಡುವ ಮೊದಲು ಕೊಡವಿ, ಹುಳಗಳಿಲ್ಲವೆಂದು ನೋಡಿ ಇಡುವ ಪದ್ಧತಿ ಹಲವು ಮನೆತನಗಳಲ್ಲಿತ್ತು. ಹಸಿ, ಹುಳುಕು ಕಟ್ಟಿಗೆ ಇದರಿಂದ ಬೇರೆಯಾಗಿ ಒಣಗಿದುದು ಮಾತ್ರ ಒಲೆ ಸೇರುತ್ತಿತ್ತು, ಹೊಗೆಯೂ ಕಡಿಮೆಯಾಗುತ್ತಿತ್ತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಟ್ಟಿಗೆಯೊಳಗಿನ ಹುಳವನ್ನು ಕಂಡ ಕಣ್ಣು ಒಲೆಯ ಮುಂದೆ ಕಣ್ಣೀರು ಸುರಿಸುತ್ತ ಕೆಮ್ಮುವವಳನ್ನು ಏಕೆ ಕಾಣಲಿಲ್ಲ? ಸಿದ್ಧಾಂತದಲ್ಲಿ ಇದಕ್ಕೆ ಕೊರತೆಯಿರಲಿಲ್ಲ. ದಶಪ್ರಾಣಗಳ ಗಣನೆಯಲ್ಲಿ ಚಕ್ಷುರಿಂದ್ರಿಯವೂ ಒಂದು ಪ್ರಾಣ, ಶ್ವಾಸೋಚ್ಛ್ವಾಸವೂ ಒಂದು ಪ್ರಾಣ. ಪ್ರಮಾದದಿಂದ ಪ್ರಾಣಕ್ಕೆ ಆಗುವ ಘಾತವೇ ಹಿಂಸೆಯೆಂಬ ತತ್ತ್ವಾರ್ಥಸೂತ್ರದ ನಿರೂಪಣೆಯನ್ನು ಒಪ್ಪಿದಲ್ಲಿ, ಕಣ್ಣನ್ನೂ ಉಸಿರನ್ನೂ ಮೆಲ್ಲಮೆಲ್ಲನೆ ಕಸಿಯುವ ಹೊಗೆ ಆ ವ್ಯಾಖ್ಯೆಯೊಳಗೆ ಬಾರದೆ ಇರದು. ಹೊಗೆಯಿಂದ ರೋಗ ಬರುತ್ತದೆಂಬ ಅರಿವಿಲ್ಲದಿದ್ದ ಕಾಲದಲ್ಲಿ ಅದನ್ನು ಪ್ರಮಾದವೆನ್ನಲಾಗದು. ಅರಿವು ಬಂದ ಮೇಲಿನ ಮಾತು ಬೇರೆ.

ಆ ಅರಿವು ಬಂದ ಬಗೆಯೂ ಸ್ವಾರಸ್ಯಕರವಾಗಿದೆ. 1950ರ ದಶಕದಲ್ಲಿ ದೆಹಲಿಯಲ್ಲಿ ಹೃದ್ರೋಗತಜ್ಞೆ ಡಾ. ಎಸ್. ಪದ್ಮಾವತಿಯವರು ಶ್ವಾಸಕೋಶದ ದೀರ್ಘಕಾಲದ ಬೇನೆಯಿಂದ ಹೃದಯದ ಬಲಭಾಗ ಸೋಲುವ ರೋಗವನ್ನು ಅಧ್ಯಯನ ಮಾಡುತ್ತಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಅದು ಪ್ರಧಾನವಾಗಿ ಧೂಮಪಾನಿಗಳಾದ ಗಂಡಸರ ಕಾಯಿಲೆ. ಇಲ್ಲಿ ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿಯೂ ಅದು ಧಾರಾಳವಾಗಿ ಕಾಣಿಸಿತು. 1959ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಶಯದ ಬೆರಳನ್ನು ಅಡುಗೆಯ ಹೊಗೆಯತ್ತ ತೋರಿಸಿತು. ಬೀಡಿ ಸೇದದವಳ ಎದೆಯಲ್ಲಿ ಬೀಡಿ ಸೇದುವವನ ರೋಗ ಕಂಡದ್ದೇ ಆ ಅರಿವಿನ ಆರಂಭ. ಆದರೆ ಅಳತೆ ಇರಲಿಲ್ಲ. 1980ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಭಾರತೀಯ ಸಹೋದ್ಯೋಗಿಗಳೊಡನೆ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೇ ಸಣ್ಣ ಮಾಪಕಗಳನ್ನು ಕಟ್ಟಿ ಅಳೆದರು. ಅಡುಗೆಯ ಹೊತ್ತಿನಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸರಾಸರಿ ಸುಮಾರು 7 ಮಿಲಿಗ್ರಾಂ ಕಣಗಳು ಕಂಡುಬಂದವು. ಪಟ್ಟಣದ ಕೊಳಕು ಗಾಳಿಯನ್ನು ಮೈಕ್ರೊಗ್ರಾಂಗಳಲ್ಲಿ ಲೆಕ್ಕಹಾಕುತ್ತಿದ್ದ ವಿಜ್ಞಾನಲೋಕಕ್ಕೆ ಇದು ಬೆಚ್ಚಿಬೀಳಿಸುವ ಸಂಖ್ಯೆ.

ಜೋಳದ ನಾಡಿಗೆ ಇನ್ನಷ್ಟು ಹತ್ತಿರದ ಅಳತೆಯೂ ಉಂಟು. ಅಂದಿನ ಆಂಧ್ರಪ್ರದೇಶದ ಮೂರು ಜಿಲ್ಲೆಗಳ 420 ಗ್ರಾಮೀಣ ಮನೆಗಳಲ್ಲಿ ಚೆನ್ನೈಯ ಡಾ. ಕಲ್ಪನಾ ಬಾಲಕೃಷ್ಣನ್ ಮತ್ತು ಸಹೋದ್ಯೋಗಿಗಳು ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಉಸಿರಿನೊಡನೆ ಒಳಗಿಳಿಯಬಲ್ಲ ಕಣಗಳ ದಿನದ ಸರಾಸರಿ ಪ್ರಮಾಣ ಅನಿಲದ ಒಲೆಯಿದ್ದಲ್ಲಿ ಘನಮೀಟರಿಗೆ 73 ಮೈಕ್ರೊಗ್ರಾಂನಷ್ಟು ಕಡಿಮೆಯಿದ್ದರೆ, ಕಟ್ಟಿಗೆ ಕುಳ್ಳುಗಳ ಮನೆಗಳಲ್ಲಿ 732ರವರೆಗೂ ಏರಿತ್ತು. ಭಾರತ ಸರ್ಕಾರ 2009ರಲ್ಲಿ ಅತಿಸೂಕ್ಷ್ಮ ಕಣಗಳಿಗೆ ಹೊರಗಾಳಿಯಲ್ಲಿ ಗೊತ್ತುಪಡಿಸಿದ ದಿನದ ಮಿತಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದುದು 15.

ಹೊಗೆಯ ಕಣಗಳಲ್ಲಿ ಅಪಾಯಕಾರಿಯಾದವು ಕಣ್ಣಿಗೆ ಕಾಣದವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಇವು ಎರಡೂವರೆ ಮೈಕ್ರಾನಿಗಿಂತ ಚಿಕ್ಕವು. ಮೂಗಿನ ರೋಮಗಳಾಗಲಿ, ಶ್ವಾಸನಾಳದ ಲೋಳೆಯಾಗಲಿ ಇವನ್ನು ತಡೆಯಲಾರವು. ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿದು, ಅಲ್ಲಿಯ ರಕ್ಷಕ ಜೀವಕೋಶಗಳನ್ನು ದುರ್ಬಲಗೊಳಿಸಿ, ನಾಳಗಳಲ್ಲಿ ನಿರಂತರವಾದ ಉರಿಯೂತವನ್ನುಂಟುಮಾಡುತ್ತವೆ. ಮಕ್ಕಳಲ್ಲಿ ನ್ಯುಮೋನಿಯ, ದೊಡ್ಡವರಲ್ಲಿ ವರ್ಷಗಳ ಕಾಲ ಬೆಳೆದು ಏದುಸಿರಿಗೆ ತಂದು ನಿಲ್ಲಿಸುವ ಶ್ವಾಸನಾಳದ ಅಡಚಣೆ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ಕಣ್ಣಿನ ಪೊರೆ ಇವೆಲ್ಲದರೊಡನೆ ಅಡುಗೆಯ ಹೊಗೆಗೆ ಸಂಬಂಧವಿರುವುದನ್ನು ಸಂಶೋಧನೆಗಳು ತೋರಿಸಿವೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್ನನ್ನು ಹಿಡಿದುಕೊಂಡು ಆಮ್ಲಜನಕದ ಸ್ಥಾನವನ್ನು ಕಸಿಯುತ್ತದೆ. ಗರ್ಭಿಣಿಯ ರಕ್ತದಲ್ಲಿ ಅದು ಸೇರಿದರೆ ಹೊಟ್ಟೆಯಲ್ಲಿರುವ ಶಿಶುವಿಗೂ ಕೊರತೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳು 2 ಲಕ್ಷ 37 ಸಾವಿರಕ್ಕೂ ಹೆಚ್ಚು.

ರೋಣ, ನರಗುಂದಗಳ ಇತಿಹಾಸವನ್ನು ಬರೆದವರು ಬೇರೆ ಹೊಗೆಗಳನ್ನು ಮರೆತಿಲ್ಲ. 1787ರ ಗಜೇಂದ್ರಗಡ ಒಪ್ಪಂದ, 1858ರ ನರಗುಂದದ ಬಾಬಾಸಾಹೇಬನ ಬಂಡಾಯ, 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದ ರೈತರ ಚಳವಳಿ ಇವುಗಳಿಗೆ ಪುಟಗಟ್ಟಲೆ ಸ್ಥಾನ ದೊರೆತಿದೆ. ಹತ್ತಿಯ ಕಥೆಯೂ ದೊಡ್ಡದೇ. 1840ರ ದಶಕದಿಂದ ಕಂಪನಿ ಸರ್ಕಾರ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಗಳನ್ನು ಬಿತ್ತಿಸಿತು. 1860ರ ದಶಕದ ಅಮೆರಿಕದ ಅಂತರ್ಯುದ್ಧ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ತಂದಿತು. 1884ರ ಸುಮಾರಿಗೆ ಗದಗದಿಂದ ಹೊಳೆಆಲೂರಿನ ಮೇಲೆ ಹೊಟಗಿಯತ್ತ ಹೋದ ರೈಲು ಅದನ್ನು ಹೊತ್ತೊಯ್ದಿತು. ಹತ್ತಿ ಅರೆಯುವ, ಎಕ್ಕುವ ಕಡೆಗಳಲ್ಲಿ ಎಳೆಗಳೊಡನೆ ಏಳುವ ಧೂಳಿನಿಂದ ಕಾರ್ಮಿಕರ ಎದೆ ಬಿಗಿಯುವ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಅದು ಹೆಚ್ಚು ಪೀಡಿಸುವುದು ಅದರ ಲಕ್ಷಣ. ಅದಕ್ಕೊಂದು ಹೆಸರಾದರೂ ಇತ್ತು, ಕಾರ್ಖಾನೆಯ ಕಾನೂನು ಇತ್ತು. ರೊಟ್ಟಿ ಬಡಿಯುವವಳ ಕೆಮ್ಮಿಗೆ ‘ವಯಸ್ಸಾಯಿತು’ ಎಂಬುದೇ ರೋಗನಿದಾನವಾಗಿತ್ತು.

1981ರಲ್ಲಿ ಸಂಸತ್ತು ವಾಯುಮಾಲಿನ್ಯ ತಡೆ ಕಾಯಿದೆಯನ್ನು ಅಂಗೀಕರಿಸಿತು. ಅದರ ದೃಷ್ಟಿ ಮುಖ್ಯವಾಗಿ ಕೈಗಾರಿಕೆಯ ಮೇಲೆ. ಆದರೆ ಸುಮಾರು ಅದೇ ಕಾಲದಲ್ಲಿ ಕರ್ನಾಟಕದಲ್ಲಿಯೇ ಬೇರೊಂದು ಸಾಹಸ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಗ್ರಾಮೀಣ ಜೀವನಕ್ಕೆ ವಿಜ್ಞಾನವನ್ನು ಅನ್ವಯಿಸುವುದು ಅದರ ಧ್ಯೇಯ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ. ಹಳ್ಳಿಯ ಇಂಧನದ ಬಹುಪಾಲು ಅಡುಗೆಯಲ್ಲಿಯೇ ವ್ಯಯವಾಗುವುದನ್ನು ಲೆಕ್ಕಹಾಕಿ ಕಂಡ ವಿಜ್ಞಾನಿಗಳು ಒಲೆಯನ್ನೇ ಪ್ರಯೋಗವಸ್ತುವನ್ನಾಗಿ ಮಾಡಿಕೊಂಡರು. ಹೀಗೆ ಬಂದುದು ‘ಅಸ್ತ್ರ ಒಲೆ’: ಮುಚ್ಚಿದ ಉರಿಪೆಟ್ಟಿಗೆ, ಕೆಳಗೆ ಗಾಳಿಯಾಡುವ ಜಾಲರಿ, ಒಂದರ ಹಿಂದೊಂದು ಮೂರು ಪಾತ್ರೆಗಳಿಗೆ ಸ್ಥಳ, ಕೊನೆಗೆ ಛಾವಣಿಯ ಮೇಲಕ್ಕೆ ಹೋಗುವ ಹೊಗೆಕೊಳವೆ. ಹಳೆಯ ಒಲೆಯಲ್ಲಿ ಶಾಖದ ಶೇಕಡಾ 10ರ ಆಸುಪಾಸು ಮಾತ್ರ ಪಾತ್ರೆಗೆ ದಕ್ಕುತ್ತಿದ್ದರೆ, ಇದರಲ್ಲಿ ಅದರ ಹಲವು ಪಟ್ಟು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ 3 ಕೋಟಿಗೂ ಮೀರಿದ ಒಲೆಗಳು ಲೆಕ್ಕದಲ್ಲಿ ಸೇರಿದ್ದವು.

ಲೆಕ್ಕದಲ್ಲಿ ಸೇರಿದವು ಎಷ್ಟು, ಉರಿದವು ಎಷ್ಟು ಎಂಬುದು ಬೇರೆ ಮಾತು. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲ. ಜಾಲರಿ ಮುರಿದರೆ ಹೊಸದಿಲ್ಲ. ಗುರಿ ಮುಟ್ಟುವ ಆತುರದಲ್ಲಿ ಕಟ್ಟಿದ ಒಲೆಯ ಅಳತೆ ತಪ್ಪಿದರೆ ಹೊಗೆ ಮೇಲೇರುವ ಬದಲು ಬಾಯಿಂದಲೇ ಹೊರಬರುತ್ತಿತ್ತು. ಮೇಲ್ಮುದ್ದೆಯ ಮನೆಗೆ ತೂತು ಕೊರೆದರೆ ಮಳೆನೀರು ಸೋರುವ ಭಯ. ಉತ್ತರದ ಬಯಲುಸೀಮೆಗೆ ಇದಕ್ಕೂ ಮಿಗಿಲಾದ ತೊಡಕೊಂದಿತ್ತು. ಮೂರು ಪಾತ್ರೆಯ ಒಲೆ ರೂಪುಗೊಂಡುದು ರಾಗಿಯ ನಾಡಿನಲ್ಲಿ. ಮುದ್ದೆ, ಅನ್ನ, ಸಾರು ಏಕಕಾಲಕ್ಕೆ ಬೇಯುವ ಅಡುಗೆಗೆ ಅದು ಹೇಳಿ ಮಾಡಿಸಿದಂತಿತ್ತು. ಹಂಚಿನ ಅಡಿಯಲ್ಲಿ ತೆರೆದ ಉರಿ ಬೇಕಾದ, ರೊಟ್ಟಿಯನ್ನು ಒಲೆಯ ಬಾಯಿಗೆ ಒಡ್ಡಬೇಕಾದ ಮನೆಯಲ್ಲಿ ಮುಚ್ಚಿದ ಒಲೆಗೆ ಅದೇ ಮರ್ಯಾದೆ ಸಿಗುವುದು ಕಷ್ಟ. ವಿಜ್ಞಾನಿಗಳ ಶ್ರದ್ಧೆಯ ಬಗ್ಗೆ ಎರಡು ಮಾತಿಲ್ಲ. ಆದರೆ ನಾಡಿನ ಅಡುಗೆ ಒಂದಲ್ಲವೆಂಬುದನ್ನು ಕಾರ್ಯಕ್ರಮದ ಕಾಗದಗಳು ಮರೆತಿದ್ದವು.

2011ರ ಜನಗಣತಿಯಲ್ಲಿ ಗ್ರಾಮೀಣ ಭಾರತದ ಶೇಕಡಾ 62.5 ಮನೆಗಳು ಸೌದೆಯಿಂದ, 12.3 ಬೆಳೆಯ ಉಳಿಕೆಯಿಂದ, 10.9 ಕುಳ್ಳಿನಿಂದ ಅಡುಗೆ ಮಾಡುತ್ತಿದ್ದವು. ಅನಿಲ ಬಳಸುತ್ತಿದ್ದುದು 11.4 ಮಾತ್ರ. 2016ರ ಮೇ 1ರಂದು ಬಲಿಯಾದಲ್ಲಿ ಆರಂಭವಾದ ಉಜ್ವಲ ಯೋಜನೆ ಮೂರೂವರೆ ವರ್ಷದೊಳಗೆ 8 ಕೋಟಿ ಬಡ ಮನೆಗಳಿಗೆ ಸಿಲಿಂಡರ್ ಸಂಪರ್ಕ ನೀಡಿತು. ಅಡುಗೆಮನೆಯ ಗಾಳಿಯ ಇತಿಹಾಸದಲ್ಲಿ ಇಷ್ಟು ವೇಗದ ಬದಲಾವಣೆ ಹಿಂದೆ ಆದುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇಕಡಾ 58.6 ಮನೆಗಳು ಶುದ್ಧ ಇಂಧನ ಬಳಸುತ್ತಿದ್ದವು; ಕರ್ನಾಟಕ ಆ ಸರಾಸರಿಗಿಂತ ಮುಂದಿತ್ತು. ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. 2019–20ರಲ್ಲಿ ಉಜ್ವಲ ಮನೆಯೊಂದು ವರ್ಷಕ್ಕೆ ಸರಾಸರಿ ತುಂಬಿಸಿದುದು ಸುಮಾರು 3 ಸಿಲಿಂಡರ್. ಅಷ್ಟರಿಂದ ವರ್ಷದ ಅಡುಗೆ ಸಾಗುವುದಿಲ್ಲ. ಜೋಳದ ರೊಟ್ಟಿಯ ಮನೆಯಲ್ಲಂತೂ ಇಲ್ಲ. ಚಹಾ, ಸಾರು ಅನಿಲದ ಮೇಲೆ, ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಮೇಲೆ ಎಂಬ ಒಡಂಬಡಿಕೆ ಹಲವು ಹಳ್ಳಿಗಳಲ್ಲಿ ಇಂದಿಗೂ ಉಂಟು.

ವಿಜ್ಞಾನದ ಉತ್ತರವೂ ಸರಳರೇಖೆಯಲ್ಲಿಲ್ಲ. ಗ್ವಾಟೆಮಾಲದಲ್ಲಿ ಚಿಮಣಿಯುಳ್ಳ ಒಲೆ ಕೊಟ್ಟು ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಕ್ಕಳ ತೀವ್ರ ನ್ಯುಮೋನಿಯ ಕಡಿಮೆಯಾದುದು ಕಂಡಿತು. ತಮಿಳುನಾಡೂ ಸೇರಿದಂತೆ ನಾಲ್ಕು ದೇಶಗಳಲ್ಲಿ ಗರ್ಭಿಣಿಯರಿಗೆ ಅನಿಲದ ಒಲೆ ಕೊಟ್ಟ ದೊಡ್ಡ ಪ್ರಯೋಗದಲ್ಲಿ ಹೊಗೆಯೇನೋ ಬಹಳ ಇಳಿಯಿತು. ಆದರೆ ಹುಟ್ಟಿದ ಶಿಶುಗಳ ತೂಕದಲ್ಲಿ ಎಣಿಸಿದಷ್ಟು ವ್ಯತ್ಯಾಸ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಜೀವಮಾನದುದ್ದಕ್ಕೂ ಹೊಗೆಯುಂಡ ದೇಹ ಕೆಲವೇ ತಿಂಗಳ ಶುದ್ಧ ಗಾಳಿಯಿಂದ ಚೇತರಿಸಿಕೊಳ್ಳುವುದೆಂದು ನಿರೀಕ್ಷಿಸುವುದು ಬಹುಶಃ ದುಡುಕು. ನೆರೆಮನೆಯ ಹೊಗೆ ಗೋಡೆ ದಾಟಿ ಬರುತ್ತದೆಂಬುದನ್ನೂ ಮರೆಯುವಂತಿಲ್ಲ.

ಈ ಸೀಮೆಯ ಜನ ಗಾಳಿಯ ವಿಷಯದಲ್ಲಿ ಅಸಡ್ಡೆಯವರೇನಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಬಳಿ ಬರಲಿದ್ದ ಪೋಸ್ಕೊ ಉಕ್ಕಿನ ಯೋಜನೆ ರೈತರ ಮತ್ತು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ವಿರೋಧದ ಮುಂದೆ ನಿಲ್ಲಲಿಲ್ಲ. ನೆರೆಯ ಕೊಪ್ಪಳದಲ್ಲಿ 2025ರ ಫೆಬ್ರವರಿಯಲ್ಲಿ ಕಾರ್ಖಾನೆಯ ಹೊಗೆಧೂಳಿನ ವಿರುದ್ಧ ಊರಿಗೆ ಊರೇ ಬೀದಿಗಿಳಿಯಿತು. ಗವಿಮಠದ ಸ್ವಾಮಿಗಳೂ ಜೊತೆಗೂಡಿದರು. ಇವು ನ್ಯಾಯವಾದ ಹೋರಾಟಗಳೇ. ಅಡುಗೆಮನೆಯ ಹೊಗೆಗೆ ಇಂಥ ಮೆರವಣಿಗೆ ಎಂದೂ ಹೊರಟಿಲ್ಲ. ಹೊರಡುವುದಾದರೂ ಯಾರ ವಿರುದ್ಧ? ಗದಗ ಪಟ್ಟಣದಲ್ಲಿ ಇಂದು ಗಾಳಿಯನ್ನು ಹಗಲಿರುಳು ಅಳೆಯುವ ಸ್ವಯಂಚಾಲಿತ ಕೇಂದ್ರವಿದೆ. ದೇಶದ ಶುದ್ಧ ಗಾಳಿಯ ಊರುಗಳ ಪಟ್ಟಿಯಲ್ಲಿ ಗದಗದ ಹೆಸರು ಹಲವು ಬಾರಿ ಬಂದಿದೆ. ಅದು ಹೊರಗಾಳಿಯ ಅಳತೆ. ಒಲೆಯ ಮುಂದಿನ ಎರಡು ಮೊಳ ಜಾಗದ ಗಾಳಿ ಅದರ ಎಣಿಕೆಗೆ ಬಾರದು.

ಮನೆಗಳಲ್ಲಿ ಒಲೆ ಬದಲಾದರೂ ಸಾರ್ವಜನಿಕ ಅಡುಗೆಮನೆಗಳಲ್ಲಿ ಅದು ನಿಧಾನ. ಬಸದಿಯ ವಾರ್ಷಿಕೋತ್ಸವ, ಪಂಚಕಲ್ಯಾಣ, ಮಠದ ಜಾತ್ರೆಯ ದಾಸೋಹ, ಮದುವೆಯ ಛತ್ರ ಇಲ್ಲೆಲ್ಲ ದೊಡ್ಡ ಹಂಡೆಗಳ ಅಡಿಯಲ್ಲಿ ಸೌದೆ ಉರಿಯುವುದನ್ನು ಈಗಲೂ ಕಾಣಬಹುದು. ಆಹಾರದಾನದ ಶುದ್ಧಿಯ ಕಾರಣಕ್ಕಾಗಿ ಸೌದೆಯನ್ನೇ ಬಯಸುವ ಶ್ರದ್ಧಾವಂತರೂ ಇದ್ದಾರೆ. ಸೌದೆಯನ್ನು ಬಿಡಲೇಬೇಕೆಂಬ ಮಾತು ಇಲ್ಲಿಲ್ಲ. ಆದರೆ ತಗಡಿನ ತಗ್ಗು ಮಾಡಿನ ಕೆಳಗೆ, ಮೂರು ಕಡೆ ಗೋಡೆ ಕಟ್ಟಿ, ಬಾಡಿಗೆಗೆ ಕರೆತಂದ ಅಡುಗೆಯವರನ್ನು ಬೆಳಗಿನ ಜಾವದಿಂದ ಇಳಿಹೊತ್ತಿನವರೆಗೆ ನಿಲ್ಲಿಸುವುದು ಸೌದೆಯ ದೋಷವಲ್ಲ, ಕಟ್ಟಡದ ದೋಷ. ಅನೇಕ ಟ್ರಸ್ಟುಗಳ ಲೆಕ್ಕಪತ್ರದಲ್ಲಿ ಶಿಖರಕ್ಕೆ, ಮಾನಸ್ತಂಭಕ್ಕೆ, ಅಮೃತಶಿಲೆಗೆ ಪ್ರತ್ಯೇಕ ಬಾಬುಗಳಿರುತ್ತವೆ. ಹೊಗೆಕೊಳವೆಗೆ ಬಾಬು ಇರುವುದು ಅಪರೂಪ. ಎದುರುಬದುರು ಕಿಟಕಿ, ಮಾಡಿನ ತುದಿಯಲ್ಲಿ ಗಾಳಿ ಹೊರಹೋಗುವ ತೆರಪು, ಛಾವಣಿಗಿಂತ ಎತ್ತರಕ್ಕೆ ಏರಿಸಿದ ಚಿಮಣಿ, ಒಲೆಯ ಬಾಯಿಯನ್ನು ಗೋಡೆಯ ಹೊರಗಿಟ್ಟು ಸೌದೆಯನ್ನು ಹೊರಗಿನಿಂದಲೇ ಹಾಕುವ ವ್ಯವಸ್ಥೆ ಇವು ದುಬಾರಿಯೂ ಅಲ್ಲ, ಹೊಸವೂ ಅಲ್ಲ. ಬೆಲ್ಲದ ಗಾಣದ ಆಲೆಮನೆಯವರಿಗೆ ಹೊರಗಿನಿಂದ ಉರಿ ಹಾಕುವ ಕ್ರಮ ಹಿಂದಿನಿಂದಲೂ ಗೊತ್ತಿದೆ. ಗೋಶಾಲೆಯಿರುವ ಸಂಸ್ಥೆಗೆ ಸಗಣಿ ಅನಿಲದ ಮಾರ್ಗವೂ ಉಂಟು: ಕುಳ್ಳಾಗಿ ಉರಿದಾಗ ಅತ್ಯಂತ ಕೆಟ್ಟ ಹೊಗೆ ಕೊಡುವ ಅದೇ ಸಗಣಿ ತೊಟ್ಟಿಯಲ್ಲಿ ಕೊಳೆತು ಅನಿಲವಾದಾಗ ನೀಲಿಯಾಗಿ, ಹೊಗೆಯಿಲ್ಲದೆ ಉರಿಯುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರವಾಗುತ್ತದೆ. ದಾನಶಾಲೆಗೆ ಕೆರೆಯನ್ನು ಬಿಟ್ಟ ನರೇಗಲ್ಲಿನ ದಾನಿಗೆ ಅಡುಗೆಗೆ ನೀರು ಬೇಕೆಂಬುದು ತಿಳಿದಿತ್ತು. ಅಲ್ಲಿ ಗಾಳಿಯೂ ಬೇಕೆಂಬುದು ಈಗ ತಿಳಿದಿದೆ. ಮುಂದಿನ ವಾರ್ಷಿಕ ಸಭೆಗಳ ಅಂದಾಜುಪತ್ರಗಳಲ್ಲಿ ಅದಕ್ಕೆ ಎಷ್ಟು ರೂಪಾಯಿ ಬರೆಯಲಾಗುವುದೆಂಬುದು ವಿಶ್ವಸ್ತರ ಕೈಯಲ್ಲಿದೆ.